ಸೈ-ಫೈ ಸೀರಿಯಲ್ ಮಾಡೋರು ಫ್ಯಾನ್‌ಗಳ ಪ್ರಶ್ನೆಗೆ ಯಾಕ ನೇರ ಉತ್ತರ ಕೊಡಂಗಿಲ್ಲ?

ಜುಲೈ ತಿಂಗಳ ಬಂತಂದ್ರ ಮೊಬೈಲ್ ತುಂಬ ಅಮೆರಿಕದ ಸ್ಯಾನ್ ಡಿಯಾಗೋ ಕಾಮಿಕ್-ಕಾನ್ ಅನ್ನೋ ಫ್ಯಾನ್‌ಗಳ ಸಮಾವೇಶದ ವಿಡಿಯೋಗಳ ಓಡಾಡ್ತಾವು. ಮೊದ್ಲ ಇವನ್ನ ಬೆಂಗಳೂರು-ಪುಣೆದಾಗ ಇರೋರಷ್ಟ ನೋಡ್ತಿದ್ರು, ಈಗ ಓಟಿಟಿ ಬಂದ ಮ್ಯಾಲ ಬೆಳಗಾವಿ ಇಂಜಿನಿಯರಿಂಗ್ ಕಾಲೇಜಿನ ಹುಡುಗ್ರ ಗ್ರೂಪಿನ್ಯಾಗೂ ಅವ, ಬಾಗಲಕೋಟಿ ನವನಗರದ ಹಾಸ್ಟೆಲ್ ಹುಡುಗ್ಯಾರ ಸ್ಟೇಟಸ್‌ನ್ಯಾಗೂ ಅವ. ಬಹಳ ಮಾಡಿ ಎಲ್ಲಾ ಕ್ಲಿಪ್ ಒಂದೇ ನಮೂನಿ ಇರ್ತಾವು: ದೊಡ್ಡ ಹಾಲ್, ಸ್ಟೇಜ್ ಮ್ಯಾಲ ಉದ್ದನ ಟೇಬಲ್, ಅದರ ಹಿಂದ ಸೈ-ಫೈ (ಸೈನ್ಸ್ ಫಿಕ್ಷನ್, ಅಂದ್ರ ವಿಜ್ಞಾನದ ಕಲ್ಪನೆಯ) ಸೀರಿಯಲ್ ಮಾಡಿದ ಐದಾರು ಮಂದಿ, ಕೆಳಗ ಮೈಕ್ ಹಿಡ್ಕೊಂಡು ನಿಂತ ಒಬ್ಬ ಫ್ಯಾನ್. ಅಂವ ಒಂದು ಪ್ರಶ್ನೆ ಕೇಳ್ತಾನ, ಸ್ಟೇಜ್ ಮ್ಯಾಲಿದ್ದಾವ್ರು ಒಬ್ಬರ ಮುಖ ಒಬ್ಬರು ನೋಡಿ ನಗ್ತಾರ, "ಮುಂದ ನೋಡ್ರಿ ಗೊತ್ತಾಗ್ತೈತಿ" ಅಂತಾರ, ಮುಗೀತು. ವಿಜಯಪುರದಾಗ ಡಿಗ್ರಿ ಓದೋ ನಮ್ಮ ಅಣ್ಣನ ಮಗ ಇಂಥಾದ್ದೊಂದು ಕ್ಲಿಪ್ ಕಳಿಸಿ "ಕಾಕಾ, ಇವ್ರಿಗೇ ಕಥಿ ಗೊತ್ತಿಲ್ಲೇನು?" ಅಂತ ಕೇಳ್ದ. ಭಾಳ ಮಂದಿಗೆ ಇದೇ ಅನ್ಸಿರ್ತೈತಿ, ಅದಕ್ಕ ಸ್ವಲ್ಪ ವಿವರವಾಗಿ ಬರದೀನಿ.

ಒಂದೇ ಮಾತಿನ್ಯಾಗ ಹೇಳ್ಬೇಕಂದ್ರ, ಆ ತೇಲಿಸೋ ಉತ್ತರದ ಹಿಂದ ಯಾವಾಗಲೂ ಒಂದು ಗಟ್ಟಿ ಕಾರಣ ಇರ್ತೈತಿ. ಒಮ್ಮೆ ರೊಕ್ಕದ್ದು, ಒಮ್ಮೆ ಕಾನೂನಿಂದು, ಒಮ್ಮೆ ಕಥಿ ಇನ್ನೂ ಬರದು ಮುಗಿದಿರಂಗಿಲ್ಲ, ಒಮ್ಮೊಮ್ಮೆ ಯಾರದೋ ಖಾಸಗಿ ನೋವಿರ್ತೈತಿ. ಯಾವ ಪ್ರಶ್ನೆಗೆ ಯಾವ ಕಾರಣ ಅಂತ ತಿಳ್ಕೊಂಡ್ರ ಅದೇ ಕ್ಲಿಪ್ ಪೂರಾ ಬ್ಯಾರೇನ ಕಾಣ್ತೈತಿ.

ಕನ್ವೆನ್ಶನ್ ಅಂದ್ರ ಏನು, ಯಾವಾಗಿಂದ ಐತಿ

ಒಂದೇ ನಮೂನಿ ಕಥಿ ಇಷ್ಟಪಡೋ ಮಂದಿ ಎರಡ್ಮೂರು ದಿನ ಒಂದ್ಕಡೆ ಸೇರೋದಕ್ಕ ಕನ್ವೆನ್ಶನ್ ಅಂತಾರ, ಸಣ್ಣದಾಗಿ 'ಕಾನ್'. ಸೈನ್ಸ್ ಫಿಕ್ಷನ್ ಓದೋರ ದೊಡ್ಡ ಸಮಾವೇಶ ವರ್ಲ್ಡ್‌ಕಾನ್ 1939ರಾಗ ನ್ಯೂಯಾರ್ಕಿನ್ಯಾಗ ಶುರು ಆತು, ಅಂದ್ರ ಟಿವಿ ಮನಿ ಮನಿಗೆ ಬರೋಕಿಂತ ಮೊದ್ಲ. ಆಗ ಬರ್ತಿದ್ದಾವ್ರು ಪುಸ್ತಕದ ಲೇಖಕರು, ಪತ್ರಿಕಿ ಸಂಪಾದಕರು, ಓದುಗ್ರು, ಅಷ್ಟ. ಟಿವಿ ಮಂದಿ ಅಲ್ಲಿಗೆ ಬಂದಿದ್ದು ಆಮ್ಯಾಲ. ಬಾಹ್ಯಾಕಾಶದಾಗ ಹಡಗು ಹತ್ತಿ ಗ್ರಹ ಗ್ರಹ ಸುತ್ತೋ ಮಂದಿ ಕಥಿ 'ಸ್ಟಾರ್ ಟ್ರೆಕ್' ಸೀರಿಯಲ್ ಎನ್‌ಬಿಸಿ ಚಾನೆಲ್‌ನ್ಯಾಗ ಶುರುವಾಗಿದ್ದು 1966ರ ಸೆಪ್ಟೆಂಬರ್ 8ಕ್ಕ, ಆದ್ರ ಅದಕ್ಕೂ ಕೆಲವೇ ದಿನ ಮೊದ್ಲ ಅದನ್ನ ಹುಟ್ಟಿಸಿದ ಜೀನ್ ರಾಡನ್‌ಬೆರಿ ಕ್ಲೀವ್‌ಲ್ಯಾಂಡ್ ಊರಾಗ ನಡೆದ ವರ್ಲ್ಡ್‌ಕಾನ್‌ಗೆ ರೀಲ್ ತಗೊಂಡು ಹೋಗಿ ಅಲ್ಲಿದ್ದ ಮಂದಿಗೆ ತೋರಿಸಿದ್ರು. ಕಟ್ಟಾ ಓದುಗ್ರು ಒಪ್ಪಿದ್ರ ಅವರೇ ನಾಲ್ಕು ಮಂದಿಗೆ ಹೇಳ್ತಾರ ಅನ್ನೋದು ಅವರಿಗೆ ಆಗಲೇ ಗೊತ್ತಿತ್ತು.

ಶೋ ಮೂರೇ ಸೀಸನ್, 79 ಎಪಿಸೋಡಿಗೆ 1969ರಾಗ ನಿಂತು ಹೋತು. ನಿಂತ ಮ್ಯಾಲ ಮಜಾ ಶುರು ಆತು. ಬ್ಯಾರೆ ಬ್ಯಾರೆ ಊರಿನ ಚಾನೆಲ್‌ಗಳು ಅದನ್ನ ಮತ್ತ ಮತ್ತ ಹಾಕಿದ್ವು, ಹೊಸ ಮಂದಿ ನೋಡಾಕ ಹತ್ತಿದ್ರು, 1972ರ ಜನವರಿಯೊಳಗ ನ್ಯೂಯಾರ್ಕಿನ ಒಂದು ಹೋಟೆಲ್‌ನ್ಯಾಗ ಬರೇ ಸ್ಟಾರ್ ಟ್ರೆಕ್ ಸಲುವಾಗೇ ಒಂದು ಕಾನ್ ಮಾಡಿದ್ರು, ಕೆಲವು ನೂರು ಮಂದಿ ಬಂದಾರು ಅಂತ ತಯಾರಿ ಮಾಡ್ಕೊಂಡಿದ್ರ ಸಾವಿರಗಟ್ಟಲೆ ಬಂದ್ರು. ರಾಡನ್‌ಬೆರಿ ಅವತ್ತು ಸ್ಟೇಜ್ ಮ್ಯಾಲ ಇದ್ರು, ಲೇಖಕ ಐಸಾಕ್ ಅಸಿಮೋವ್ ಇದ್ರು. ಮುಗದು ಹೋದ ಸೀರಿಯಲ್ ಬಗ್ಗೆ ಅದನ್ನ ಮಾಡಿದವರನ್ನ ಎದುರಿಗೆ ಕುಂದ್ರಿಸಿ ಪ್ರಶ್ನೆ ಕೇಳೋ ಪದ್ಧತಿಗೆ ಬಲ ಬಂದಿದ್ದು ಅಲ್ಲಿಂದ.

ಸ್ಯಾನ್ ಡಿಯಾಗೋ ಕಾಮಿಕ್-ಕಾನ್ ಶುರು ಆಗಿದ್ದು 1970ರಾಗ. ಆ ವರ್ಷ ಆಗಸ್ಟ್‌ದಾಗ ಮೂರು ದಿನದ ಸಮಾವೇಶಕ್ಕ ಸುಮಾರು 300 ಮಂದಿ ಬಂದಿದ್ರು, ಈಗ 1,30,000 ದಾಟ್ತಾರ. ಅಲ್ಲಿಯ ದೊಡ್ಡ ಹಾಲ್‌ಗೆ 'ಹಾಲ್ ಹೆಚ್' ಅಂತಾರ, ಸುಮಾರು 6,500 ಸೀಟು. ಅದರೊಳಗ ಜಾಗ ಸಿಗ್ಬೇಕಂದ್ರ ಮಂದಿ ಹಿಂದಿನ ರಾತ್ರೀನ ಬಂದು ಹೊರಗ ಲೈನ್ ಹಚ್ಚಿ ಅಲ್ಲೇ ಮಲಗ್ತಾರ. ನಮ್ಮ ದೇಶದಾಗ ಕಾಮಿಕ್ ಕಾನ್ 2011ರಾಗ ದಿಲ್ಲಿಯೊಳಗ ಶುರು ಆತು, ಮರು ವರ್ಷ ಬೆಂಗಳೂರಿಗೂ ಬಂತು.

ಟೇಬಲ್ ಹಿಂದ ಕುಂತಾವ್ರು ಯಾರು

ಈ ಸ್ಟೇಜ್ ಮಾತುಕತೆಗೆ ಪ್ಯಾನೆಲ್ ಅಂತಾರ. ಹೆಚ್ಚುಕಮ್ಮಿ ಒಂದು ತಾಸು ನಡೀತೈತಿ. ನಡುವ ಒಬ್ಬರು ಮಾಡರೇಟರ್, ಅಂದ್ರ ಕಾರ್ಯಕ್ರಮ ನಡೆಸೋರು, ಅವರು ಮೊದ್ಲ ತಾವೇ ಪ್ರಶ್ನೆ ಕೇಳ್ತಾರ, ಹೊಸ ಟ್ರೇಲರ್ ಇದ್ರ ತೋರಿಸ್ತಾರ, ಕೊನಿ ಹತ್ತು-ಹದಿನೈದು ನಿಮಿಷ ಮಂದಿ ಕೈಗೆ ಮೈಕ್. ಆ ಹತ್ತು ನಿಮಿಷದ ಸಲುವಾಗಿ ಅರ್ಧ ತಾಸು ಲೈನ್‌ನ್ಯಾಗ ನಿಂತಾವ ಮೈಕ್ ಮುಂದ ಬಂದ ಕೂಡ್ಲೇ ಗಂಟಲು ಒಣಗಿ, ಕೇಳ್ಬೇಕಂದಿದ್ದು ಬಿಟ್ಟು "ನಿಮ್ಮ ಶೋ ನನ್ನ ಜೀವನ ಬದಲಿಸ್ತು" ಅಂತಷ್ಟ ಹೇಳಿ ಕಣ್ಣೀರು ಹಾಕಿ ಹೋಗೋದನ್ನ ವಿಡಿಯೋದಾಗ ಎಷ್ಟೋ ಸಲ ನೋಡಬಹುದು. ಅದೂ ಪ್ಯಾನೆಲ್‌ನ ಒಂದು ಭಾಗಾನ ಅಂತ ನಾ ತಿಳೀತೀನಿ, ಪ್ರಶ್ನೆ ಆಗದಿದ್ರೂ ಬರದವರಿಗೆ ಅದು ಮುಟ್ತೈತಿ.

ಟೇಬಲ್ ಹಿಂದ ನಟ-ನಟಿಯರು ಇರ್ತಾರ, ಅವರನ್ನ ಎಲ್ಲಾರೂ ಗುರುತು ಹಿಡೀತಾರ. ಆದ್ರ ಖರೇ ಉತ್ತರ ಕೊಡೋರು ಅವರ ಬಾಜೂಕ ಕುಂತ ಶೋರನ್ನರ್. ಇದು ನಮ್ಮಲ್ಲಿ ಅಷ್ಟು ಬಳಕಿದಾಗ ಇಲ್ಲದ ಹುದ್ದೆ, ಅದಕ್ಕ ಸ್ವಲ್ಪ ಬಿಡಿಸಿ ಹೇಳ್ತೀನಿ. ಸಿನಿಮಾದಾಗ ಡೈರೆಕ್ಟರ್ ಯಜಮಾನ, ಅಮೆರಿಕದ ಟಿವಿಯೊಳಗ ಹಂಗಲ್ಲ, ಅಲ್ಲಿ ಡೈರೆಕ್ಟರ್ ಎಪಿಸೋಡಿಗೊಬ್ಬರು ಬಂದು ಹೋಗ್ತಾರ, ಶುರುವಿಂದ ಕೊನಿ ತನಕ ಕಥಿ, ಪಾತ್ರ, ಬಜೆಟ್, ಎಡಿಟಿಂಗ್ ಎಲ್ಲಾ ನೋಡ್ಕೊಳ್ಳೋದು ಶೋರನ್ನರ್, ಅವರು ಮೂಲತಃ ಬರಹಗಾರರು. ನಮ್ಮ ಕಡೆ ಬನಶಂಕರಿ ಜಾತ್ರಿಗೆ ಬರೋ ನಾಟಕ ಕಂಪನಿ ಮಾಲಕರನ್ನ ನೆನಸ್ಕೊಳ್ರಿ. ಕಲಾವಿದರ ಪಗಾರ, ಯಾರಿಗೆ ಯಾವ ಪಾತ್ರ, ಪರದೆ, ಲೈಟು, ಟೆಂಟು, ನಿನ್ನೆ ಮಂದಿ ಎಲ್ಲಿ ಚಪ್ಪಾಳಿ ಹೊಡದ್ರು ಎಲ್ಲಿ ಎದ್ದು ಹೋದ್ರು ಅಂತ ನೋಡಿ ಇವತ್ತು ಯಾವ ಮಾತು ತಗೀಬೇಕು, ಎಲ್ಲಾ ಅವರ ತಲಿ ಮ್ಯಾಲ. ಸವದತ್ತಿ ಕಡೆಯ ಏಣಗಿ ಬಾಳಪ್ಪನವರು ಕಲಾವೈಭವ ನಾಟ್ಯ ಸಂಘ ನಡೆಸ್ತಿದ್ದಾಗ ಮಾಲಕರೂ ಅವರೇ, ಬಣ್ಣ ಹಚ್ಚೋರೂ ಅವರೇ, ಹಾಡೋರೂ ಅವರೇ. ಶೋರನ್ನರ್ ಬಣ್ಣ ಹಚ್ಚಂಗಿಲ್ಲ, ಉಳಿದದ್ದೆಲ್ಲಾ ಅದೇ ಭಾರ. ಅದಕ್ಕ "ಆ ಪಾತ್ರ ಯಾಕ ಸತ್ತ?" ಅಂತ ಕೇಳಿದಾಗ ನಟ ಹೇಳೋದು ಅವನಿಗೆ ಅನ್ನಿಸಿದ್ದು, ಶೋರನ್ನರ್ ಹೇಳೋದು ನಿರ್ಧಾರ ಆಗಿದ್ದು ಹೆಂಗ ಅಂತ.

ಅವರ ಕೈಕೆಳಗ ಬರಹಗಾರರ ಒಂದು ಗುಂಪಿರ್ತೈತಿ, ರೈಟರ್ಸ್ ರೂಮ್ ಅಂತಾರ. ಐದಾರು ಮಂದಿಯಿಂದ ಹತ್ತು-ಹನ್ನೆರಡು ಮಂದಿ ತನಕ ಒಂದ್ ಕೋಣ್ಯಾಗ ಕುಂತು, ಗ್ವಾಡಿ ಮ್ಯಾಲ ಬೋರ್ಡ್ ಹಚ್ಚಿ, ಸೀನ್‌ಗೊಂದು ಚೀಟಿ ಅಂಟಿಸಿ ಕಥಿ ಕಟ್ತಾರ. ಮಾತಾಡಿ ಮಾತಾಡಿ ಆದ ಮ್ಯಾಲ ಒಬ್ಬೊಬ್ಬರು ಒಂದೊಂದು ಎಪಿಸೋಡ್ ಬರೀತಾರ, ಕೊನೀಗೆ ಶೋರನ್ನರ್ ಎಲ್ಲಾ ತಿದ್ದತಾರ. ಹಿಂಗಾಗಿ ಪ್ಯಾನೆಲ್‌ನ್ಯಾಗ "ಈ ಐಡಿಯಾ ಯಾರದು" ಅಂತ ಕೇಳಿದ್ರ ಅವರು ತಡವರಿಸೋದು ಸಹಜ, ಅದು ಒಂದು ಕೋಣಿಯ ಐಡಿಯಾ ಆಗಿರ್ತೈತಿ.

"ಮುಂದ ನೋಡ್ರಿ" ಅನ್ನೋದರ ಹಿಂದ

ಕಾದಂಬರಿ ಪೂರ್ತಿ ಬರದ ಮ್ಯಾಲ ಅಚ್ಚಾಗ್ತೈತಿ. ಟಿವಿ ಸೀರಿಯಲ್ ಹಂಗಲ್ಲ. ಹಳೇ ಪದ್ಧತಿಯೊಳಗ ವರ್ಷಕ್ಕ 22 ಎಪಿಸೋಡ್ ಮಾಡೋವಾಗ ಐದನೇದ್ದು ಟಿವಿಯೊಳಗ ಬರ್ತಿದ್ರ ಅದರ ಮುಂದಿನವು ಶೂಟಿಂಗ್‌ನ್ಯಾಗ, ಅದಕ್ಕೂ ಮುಂದಿನವು ಇನ್ನೂ ಬೋರ್ಡ್ ಮ್ಯಾಲ ಚೀಟಿ ಆಗಿರ್ತಿದ್ವು. ಚಾನೆಲ್ ಮುಂದಿನ ಸೀಸನ್ ಕೊಡ್ತೈತೋ ಇಲ್ಲೋ ಅದೂ ಗೊತ್ತಿರ್ತಿರಲಿಲ್ಲ. ಎಷ್ಟು ವರ್ಷ ಓಡ್ತೈತಿ ಅಂತ ಗೊತ್ತಿಲ್ಲದ ಕಥಿಗೆ ಕೊನಿ ಯಾವಾಗ ಇಡಬೇಕು? ಎರಡನೇ ವರ್ಷದಾಗ ಗುಟ್ಟು ಬಿಚ್ಚಿದ್ರ ಮೂರನೇ ವರ್ಷಕ್ಕ ಏನೂ ಉಳಿಯಂಗಿಲ್ಲ, ಬಿಚ್ಚಲಿಲ್ಲಂದ್ರ ನೋಡೋರು ಬ್ಯಾಸತ್ತು ಬಿಡ್ತಾರ.

ಇದನ್ನ ಸ್ಪಷ್ಟ ನೋಡ್ಬೇಕಂದ್ರ 'ಲಾಸ್ಟ್' ಸೀರಿಯಲ್ ತಗೋರಿ. 2004ರಾಗ ಶುರುವಾಗಿದ್ದು, ವಿಮಾನ ಬಿದ್ದು ಒಂದು ದ್ವೀಪದಾಗ ಸಿಕ್ಕೊಂಡ ಮಂದಿ ಕಥಿ, ವಾರಕ್ಕೊಂದು ಹೊಸ ರಹಸ್ಯ. ಅದರ ಶೋರನ್ನರ್‌ಗಳಾದ ಡೇಮನ್ ಲಿಂಡೆಲಾಫ್ ಮತ್ತ ಕಾರ್ಲ್‌ಟನ್ ಕ್ಯೂಸ್‌ಗೆ ಕಾಮಿಕ್-ಕಾನ್‌ನ್ಯಾಗ ಮಂದಿ ಕೇಳ್ತಿದ್ದುದು ಒಂದೇ: ನಿಮಗೆ ಕೊನಿ ಗೊತ್ತೈತೋ ಇಲ್ಲೋ, ಸುಮ್ನ ಎಳೀತಿದ್ದೀರೋ ಹೆಂಗ? ಕಡೀಕ 2007ರ ಮೇ ತಿಂಗಳಾಗ ಚಾನೆಲ್ ಜೊತಿ ಮಾತಾಡಿ, ಇನ್ನ 48 ಎಪಿಸೋಡ್, ಮೂರು ಸೀಸನ್, 2010ಕ್ಕ ಮುಗಿಸ್ತೀವಿ ಅಂತ ಮೊದ್ಲೇ ದಿನಾಂಕ ಸಾರಿದ್ರು. ಓಡ್ತಿದ್ದ ದೊಡ್ಡ ಶೋ ಒಂದು ತಾನು ಯಾವಾಗ ನಿಲ್ತೀನಿ ಅಂತ ಮೂರು ವರ್ಷ ಮೊದ್ಲ ಹೇಳೋದು ಆಗ ಅಪರೂಪ. ಹಾಲ್‌ನ್ಯಾಗ ಅವರು ಮೊದ್ಲ ನೇರ ಹೇಳದಿದ್ದುದಕ್ಕ ದೊಡ್ಡ ಕಾರಣ ಇದೇ, ಉತ್ತರ ಅವರ ಕೈಯಾಗಷ್ಟ ಇರಲಿಲ್ಲ.

ಈಗ ಓಟಿಟಿಯೊಳಗ ಎಂಟ್ಹತ್ತು ಎಪಿಸೋಡ್ ಪೂರ್ತಿ ಮಾಡಿ ಆಮ್ಯಾಲ ಬಿಡ್ತಾರ, ಅದಕ್ಕ ಕಥಿ ಗೊತ್ತಿರ್ತೈತಿ, ಆದ್ರ ಹೇಳಬಾರದು ಅಂತ ಕರಾರು ಇರ್ತೈತಿ. ಕಥಿ ಬಯಲು ಮಾಡಿದ್ರ ಕಂಪನಿಗೆ ನಷ್ಟ ಕಟ್ಟಿಕೊಡೋ ಪರಿಸ್ಥಿತಿ ಬರ್ತೈತಿ, ನಟರಿಂದ ಹಿಡಿದು ಬಟ್ಟಿ ಹೊಲಿಯೋರ ತನಕ ಎಲ್ಲಾರೂ ಸಹಿ ಮಾಡಿರ್ತಾರ. ಪ್ಯಾನೆಲ್‌ನ್ಯಾಗ ಪ್ರಶ್ನೆ ಬಿದ್ದ ಕೂಡ್ಲೇ ನಟ ಶೋರನ್ನರ್ ಮುಖ ನೋಡೋದು ಈ ಸಲುವಾಗಿ, ಹೇಳ್ಲೋ ಬ್ಯಾಡೋ ಅಂತ.

ಇನ್ನೊಂದು ನಮೂನಿ ಮೌನಾನೂ ಐತಿ. 2023ರ ಮೇ 2ರಿಂದ ಅಮೆರಿಕದ ಬರಹಗಾರರ ಸಂಘ ಮುಷ್ಕರ ಹೂಡ್ತು, ಜುಲೈ 14ಕ್ಕ ನಟರ ಸಂಘಾನೂ ಸೇರ್ತು, ಮುಷ್ಕರದಾಗ ಇರೋವಾಗ ದೊಡ್ಡ ಸ್ಟುಡಿಯೋ ಶೋಗಳ ಪ್ರಚಾರ ಮಾಡಬಾರದು ಅಂತ ನಿಯಮ. ಆ ವರ್ಷದ ಕಾಮಿಕ್-ಕಾನ್ ಜುಲೈ 20ಕ್ಕ ಶುರು, ಸ್ಟೇಜ್ ಮ್ಯಾಲ ದೊಡ್ಡ ಸ್ಟಾರ್‌ಗಳೇ ಕಾಣಲಿಲ್ಲ.

"ನನ್ನ ಹತ್ರ ಒಂದು ಐಡಿಯಾ ಐತಿ" ಅಂದ್ರ ಯಾಕ ತಡೀತಾರ

ಕ್ಲಿಪ್‌ಗಳೊಳಗ ಇದು ಎಲ್ಲಾಕ್ಕಿಂತ ಒರಟು ಕಾಣ್ತೈತಿ. ಫ್ಯಾನ್ ಪ್ರೀತಿಯಿಂದ "ಮುಂದಿನ ಸೀಸನ್‌ನ್ಯಾಗ ಹಿಂಗ ಮಾಡಿದ್ರ ಹೆಂಗಿರ್ತೈತಿ ಅಂದ್ರ..." ಅಂತ ಬಾಯಿ ತಗದ ಕೂಡ್ಲೇ ಮಾಡರೇಟರ್ ನಡುವ ಬಾಯಿ ಹಾಕಿ ನಿಲ್ಲಿಸ್ತಾರ. ಸೊಕ್ಕು ಅನ್ಸಬಹುದು, ಅಲ್ಲ, ಕಾನೂನಿನ ಭಯ. ಆ ಐಡಿಯಾ ಬರಹಗಾರರ ಬೋರ್ಡ್ ಮ್ಯಾಲ ಆಗಲೇ ಇದ್ದು, ಆರು ತಿಂಗಳಿಗೆ ಟಿವಿಯೊಳಗ ಬಂದ್ರ, ಸಾವಿರ ಮಂದಿ ಎದುರಿಗೆ ಅದನ್ನ ಹೇಳಿದ ಫ್ಯಾನ್ "ನನ್ನ ಕಥಿ ಕದ್ರು" ಅಂತ ಕೋರ್ಟಿಗೆ ಹೋಗಬಹುದು. ಕದ್ದಿಲ್ಲ ಅಂತ ಸಾಬೀತು ಮಾಡೋದು ಖರ್ಚಿನ ಕೆಲಸ.

ಇದು ಖರೇನ ಆಗಿದ್ದಕ್ಕ ಒಂದು ಉದಾಹರಣೆ ಐತಿ. 'ಬ್ಯಾಬಿಲಾನ್ 5' ಅನ್ನೋ ಸೀರಿಯಲ್, ಬಾಹ್ಯಾಕಾಶದಾಗ ಬ್ಯಾರೆ ಬ್ಯಾರೆ ಗ್ರಹದ ಮಂದಿ ಕೂಡಿ ಇರೋ ಒಂದು ನಿಲ್ದಾಣದ ಕಥಿ. ಅದರ ಶೋರನ್ನರ್ ಜೆ. ಮೈಕೆಲ್ ಸ್ಟ್ರಾಜಿನ್ಸ್ಕಿ. 110 ಎಪಿಸೋಡ್‌ನ್ಯಾಗ 92 ಅವರೊಬ್ಬರೇ ಬರದಾರ, ಐದು ವರ್ಷದ ಕಥಿ ಮೊದ್ಲೇ ಹಾಕಿಟ್ಟುಕೊಂಡು ಶುರು ಮಾಡಿದ್ರು. 90ರ ದಶಕದಾಗ, ಇಂಟರ್ನೆಟ್ ಇನ್ನೂ ಹೊಸದಿದ್ದಾಗ, ಅವರು ಫ್ಯಾನ್‌ಗಳ ಜೊತಿ ನೇರ ಮಾತಾಡ್ತಿದ್ರು, ಕಥಿ ಐಡಿಯಾ ಮಾತ್ರ ಹಾಕಬ್ಯಾಡ್ರಿ ಅಂತ ಕೈ ಮುಗದು ಕೇಳ್ತಿದ್ರು. ಆದ್ರೂ ಒಬ್ಬ ಫ್ಯಾನ್ ಸಹಜವಾಗಿ ಒಂದು ಮಾತು ಎತ್ತಿದ: ಕೊಲೆಗಾರನೊಬ್ಬನ ನೆನಪು ಅಳಿಸಿ ಹೊಸ ಮನಷ್ಯಾನ್ನ ಮಾಡಿಬಿಟ್ರು, ಮುಂದ ಅವನಿಗೆ ತಾ ಯಾರಾಗಿದ್ದೆ ಅಂತ ಗೊತ್ತಾದ್ರ? ಇದೇ ಎಳಿ ಹಿಡ್ದು ಸ್ಟ್ರಾಜಿನ್ಸ್ಕಿ ಒಬ್ಬ ಸನ್ಯಾಸಿ ಕಥಿ ಮಾಡಬೇಕಂತಿದ್ರು. ಕಥಿ ಮೂಲೀಗೆ ಹೋತು. ಆ ಫ್ಯಾನ್ "ಇದರ ಮ್ಯಾಲ ನನಗೇನೂ ಹಕ್ಕಿಲ್ಲ" ಅಂತ ಬರದು ಸಹಿ ಮಾಡಿಕೊಟ್ಟ ಮ್ಯಾಲಷ್ಟ ಅದು ಮತ್ತ ಜೀವ ಬಂದು 1995ರ ನವೆಂಬರ್‌ದಾಗ ಟಿವಿಗೆ ಬಂತು. ಫ್ಯಾನ್ ಕೆಟ್ಟಾವ ಅಲ್ಲ, ಬರದಾವ ಕಳ್ಳ ಅಲ್ಲ, ಇಬ್ಬರದೂ ಏನೂ ತಪ್ಪಿಲ್ಲದೇ ಒಂದು ಛಲೋ ಕಥಿ ಹೋಗೋದರಾಗಿತ್ತು.

ಬಾಗಿಲು ಪೂರಾ ಮುಚ್ಚೈತಿ ಅಂತ ಮಾತ್ರ ತಿಳೀಬ್ಯಾಡ್ರಿ. 'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್' ಸೀರಿಯಲ್‌ನ್ಯಾಗ ಮೈಕೆಲ್ ಪಿಲ್ಲರ್ ಅನ್ನೋ ಬರಹಗಾರ ಇದ್ದಾಗ, ಏಜೆಂಟ್ ಇಲ್ಲದೇ ಯಾರು ಬೇಕಾದ್ರೂ ಸ್ಕ್ರಿಪ್ಟ್ ಕಳಿಸ್ರಿ ಅಂತ ಅವಕಾಶ ಕೊಟ್ಟಿದ್ರು, ಹಕ್ಕಿನ ಕಾಗದಕ್ಕ ಸಹಿ ಹಾಕಿ ಜೊತಿಗಿಟ್ಟು ಕಳಿಸಬೇಕಿತ್ತು. ರೊನಾಲ್ಡ್ ಡಿ. ಮೂರ್ ಅನ್ನೋ ಹುಡುಗ ಸೆಟ್ ನೋಡಾಕಂತ ಹೋದಾಗ ತಾ ಬರದ ಸ್ಕ್ರಿಪ್ಟ್ ಒಂದನ್ನ ಅಲ್ಲಿ ಕೆಲಸ ಮಾಡ್ತಿದ್ದವರ ಕೈಗೆ ಕೊಟ್ಟಿದ್ದ, ಅದನ್ನ ಪಿಲ್ಲರ್ ತಗೊಂಡ್ರು, 1989ರಾಗ ಅದು ಎಪಿಸೋಡ್ ಆತು. ಸ್ಟಾರ್ ಟ್ರೆಕ್ ನೋಡ್ತಾ ಬೆಳೆದ ಅದೇ ಮೂರ್ ಮುಂದ 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ' ಅನ್ನೋ ಸೈ-ಫೈ ಸೀರಿಯಲ್‌ನ ಶೋರನ್ನರ್ ಆಗಿ ಪ್ಯಾನೆಲ್ ಟೇಬಲ್ ಹಿಂದ ಕುಂತು ಉತ್ತರ ಹೇಳೋರಾದ್ರು.

ಹಣಿ ಮ್ಯಾಲಿನ ಏಣು

ಫ್ಯಾನ್‌ಗಳಿಗೆ ಎಲ್ಲಾಕ್ಕಿಂತ ಇಷ್ಟದ ಪ್ರಶ್ನೆ "ಅಲ್ಲಿ ಹಂಗ ಇತ್ತು, ಇಲ್ಲಿ ಹಿಂಗ ಯಾಕೈತಿ?" ಅನ್ನೋದು. ಇದಕ್ಕ ಎರಡು ಶಬ್ದ ಗೊತ್ತಿರ್ಬೇಕು. ಆ ಕಥಾ ಲೋಕದಾಗ ಖರೇನ ನಡದದ್ದು ಅಂತ ಮಾಡಿದವರು ಒಪ್ಪಿದ್ದಕ್ಕ ಕ್ಯಾನನ್ ಅಂತಾರ. ಹಿಂದ ತೋರಿಸಿದ್ದಕ್ಕ ಈಗ ಹೊಸ ಕಾರಣ ಕೊಟ್ಟು ಅರ್ಥಾನ ಬದಲಿ ಮಾಡಿದ್ರ ಅದು ರೆಟ್‌ಕಾನ್.

ಸ್ಟಾರ್ ಟ್ರೆಕ್‌ನ್ಯಾಗ ಕ್ಲಿಂಗಾನ್ ಅಂತ ಒಂದು ಯೋಧರ ಕುಲ ಐತಿ. 1967ರಾಗ ಮೊದ್ಲ ಕಾಣಿಸಿಕೊಂಡಾಗ ಅವರು ಮುಖಕ್ಕ ಕಂದು ಬಣ್ಣ, ದಪ್ಪ ಹುಬ್ಬು, ಗಡ್ಡ, ಅಷ್ಟ, ಉಳಿದಂಗ ಮನಷ್ಯಾರೇ. ಟಿವಿ ಬಜೆಟ್ ಅಷ್ಟೇ ಇತ್ತು, ವಾರಕ್ಕೊಂದು ಎಪಿಸೋಡ್ ಮಾಡೋವಾಗ ಹತ್ತಾರು ನಟರ ಹಣಿಗೆ ರಬ್ಬರ್ ಅಂಟಿಸಾಕ ಟೈಮೂ ಇಲ್ಲ ರೊಕ್ಕಾನೂ ಇಲ್ಲ. 1979ರಾಗ ಸಿನಿಮಾ ಬಂತು, ಬಜೆಟ್ ದೊಡ್ಡದು, ಕ್ಲಿಂಗಾನ್‌ಗಳ ಹಣಿ ಮ್ಯಾಲ ಬೆನ್ನೆಲುಬಿನಂಗ ಏಣು ಎದ್ದಿದ್ವು. ಫ್ಯಾನ್‌ಗಳು ಬಿಡ್ತಾರೇನು, ಕಾನ್‌ನಿಂದ ಕಾನ್‌ಗೆ ಅದೇ ಪ್ರಶ್ನೆ. ಮೇಕಪ್ ಸುಧಾರಿಸ್ತು ಅನ್ನೋದೇ ಖರೇ ಉತ್ತರ. ಆದ್ರ ಆ ಲೋಕವನ್ನ ನಂಬಿದವರಿಗೆ ಲೋಕದ ಒಳಗಿನ ಉತ್ತರ ಬೇಕು. 1996ರಾಗ ಸ್ಟಾರ್ ಟ್ರೆಕ್‌ದೇ ಇನ್ನೊಂದು ಸೀರಿಯಲ್ 'ಡೀಪ್ ಸ್ಪೇಸ್ ನೈನ್'ನ ಪಾತ್ರಗಳು ಕಾಲದಾಗ ಹಿಂದ ಹೋಗಿ ಹಳೇ ಕ್ಲಿಂಗಾನ್‌ಗಳನ್ನ ನೋಡ್ತಾವು, ಜೊತಿಗಿದ್ದವರು ಇದೇನು ಅಂತ ಕೇಳಿದ್ರ ಕ್ಲಿಂಗಾನ್ ಕುಲದ ವೋರ್ಫ್, ಇದನ್ನ ನಾವು ಹೊರಗಿನವರ ಮುಂದ ಮಾತಾಡಂಗಿಲ್ಲ ಅಂತ ಹೇಳಿ ಮುಗಿಸಿಬಿಡ್ತಾನ. ಬರದವರು ಫ್ಯಾನ್ ಪ್ರಶ್ನೆಯನ್ನ ಸೀರಿಯಲ್ ಒಳಗೇ ತಗೊಂಡಿದ್ರು. ಆಮ್ಯಾಲ 2005ರಾಗ ಸ್ಟಾರ್ ಟ್ರೆಕ್‌ದೇ 'ಎಂಟರ್‌ಪ್ರೈಸ್' ಸೀರಿಯಲ್‌ನ ಎರಡು ಎಪಿಸೋಡ್ ಪೂರಾ ಇದಕ್ಕೇ ಮೀಸಲಿಟ್ಟು, ತಳಿ ಬದಲಿಸೋ ಪ್ರಯೋಗ ಕೆಟ್ಟು ರೋಗ ಹಬ್ಬಿ ಕ್ಲಿಂಗಾನ್‌ಗಳ ಹಣಿ ಸಪಾಟಾತು ಅಂತ ಕಾರಣ ಕೊಟ್ರು. ರೊಕ್ಕ ಇಲ್ಲದ್ದಕ್ಕ ಆದ ಒಂದು ಕೊರತಿ 38 ವರ್ಷದ ಮ್ಯಾಲ ಕಥಿ ಆತು.

ರೊಕ್ಕದ ಕೊರತಿಯಿಂದ ಹುಟ್ಟಿದ ಇನ್ನೊಂದು ದೊಡ್ಡ ಕಲ್ಪನೆ ಟ್ರಾನ್ಸ್‌ಪೋರ್ಟರ್, ನಿಂತಲ್ಲೇ ಮಿಂಚಿನಂಗ ಮಾಯ ಆಗಿ ಗ್ರಹದ ಮ್ಯಾಲ ಇಳಿಯೋದು. ವಾರಾ ವಾರಾ ಅಷ್ಟು ದೊಡ್ಡ ಹಡಗು ಗ್ರಹದ ಮ್ಯಾಲ ಇಳಿಯೋ ದೃಶ್ಯ ತೋರಿಸಾಕ ಭಾಳ ಖರ್ಚು, ಅದನ್ನ ತಪ್ಪಿಸಾಕ ಈ ಉಪಾಯ. ಬ್ರಿಟನ್ನಿನ 'ಡಾಕ್ಟರ್ ಹೂ'ದ್ದು ಮತ್ತೊಂದು ದಾರಿ. 1963ರಾಗ ಶುರುವಾದ ಶೋದ ಮುಖ್ಯ ನಟ ವಿಲಿಯಂ ಹಾರ್ಟ್ನೆಲ್ ಆರೋಗ್ಯ 1966ರ ಹೊತ್ತಿಗೆ ಕೆಟ್ಟಿತ್ತು. ನಾಯಕ ಬ್ಯಾರೆ ಗ್ರಹದಾವ, ಸಾಯೋ ಹೊತ್ತಿಗೆ ಅವನ ಶರೀರಾನ ಬದಲಿ ಆಗ್ತೈತಿ ಅಂತ ಕಥಿ ಮಾಡಿ ಹೊಸ ನಟನ್ನ ತಂದ್ರು. ಆ ಒಂದು ಉಪಾಯದ ಮ್ಯಾಲ ಶೋ 60 ವರ್ಷ ದಾಟೈತಿ.

ವಿಜ್ಞಾನದ ಪ್ರಶ್ನೆ ಬಂದಾಗ

ಹೈಸೆನ್‌ಬರ್ಗ್ 1927ರಾಗ ಹೇಳಿದ ಅನಿಶ್ಚಿತತೆಯ ತತ್ವ ಪಿಯುಸಿ ಸೈನ್ಸ್ ಓದಿದವರಿಗೆ ಗೊತ್ತಿರ್ತೈತಿ: ಒಂದು ಕಣ ಎಲ್ಲೈತಿ, ಎಷ್ಟು ಸಂವೇಗದಾಗ ಐತಿ, ಎರಡನ್ನೂ ಒಮ್ಮೆಗೇ ಪೂರಾ ನಿಖರ ತಿಳಿಯಾಕ ಆಗಂಗಿಲ್ಲ. ಹಂಗಿದ್ದ ಮ್ಯಾಲ ಮನಷ್ಯಾನ ಒಂದೊಂದು ಕಣಾನೂ ಅಳತಿ ಮಾಡಿ ಬ್ಯಾರೆ ಕಡೆ ಕಟ್ಟೋ ಟ್ರಾನ್ಸ್‌ಪೋರ್ಟರ್ ಹೆಂಗ ಸಾಧ್ಯ? ಫ್ಯಾನ್‌ಗಳು ಕೇಳೇ ಕೇಳ್ತಾರ ಅಂತ ಸ್ಟಾರ್ ಟ್ರೆಕ್‌ನವರು 'ಹೈಸೆನ್‌ಬರ್ಗ್ ಕಾಂಪೆನ್ಸೇಟರ್' ಅಂತ ಒಂದು ಭಾಗಾನ ಆ ಯಂತ್ರಕ್ಕ ಸೇರಿಸಿದ್ರು. ಶೋದ ತಾಂತ್ರಿಕ ವಿವರ ನೋಡ್ಕೊಳ್ತಿದ್ದ ಮೈಕೆಲ್ ಒಕುಡಾ ಅವರನ್ನ ಪತ್ರಿಕೆಯವರು ಅದು ಹೆಂಗ ಕೆಲಸ ಮಾಡ್ತೈತಿ ಅಂತ ಕೇಳಿದ್ದಕ್ಕ, "ಭಾಳ ಛಲೋ ಕೆಲಸ ಮಾಡ್ತೈತಿ, ಥ್ಯಾಂಕ್ಸ್" ಅಂತ ಉತ್ತರ ಕೊಟ್ರು. ನಗೀ ಬರ್ತೈತಿ, ಅದರಾಗ ಪ್ರಾಮಾಣಿಕತೆ ಐತಿ ನೋಡ್ರಿ: ನಿಯಮ ಏನಂತ ನಮಗ ಗೊತ್ತೈತಿ, ಅದನ್ನ ದಾಟಿದ್ದೂ ಗೊತ್ತೈತಿ, ದಾಟಿದ ಜಾಗಕ್ಕ ಹೆಸರಿಟ್ಟು ತೋರಿಸೀವಿ.

ಎಲ್ಲಾ ಶೋ ಹಂಗ ದಾಟಂಗಿಲ್ಲ. 'ದಿ ಎಕ್ಸ್‌ಪಾನ್ಸ್' ಸೀರಿಯಲ್‌ನ ಶೋರನ್ನರ್ ನರೇನ್ ಶಂಕರ್, ಭಾರತ ಮೂಲದವರು, ಕಾರ್ನೆಲ್ ವಿಶ್ವವಿದ್ಯಾಲಯದಾಗ ಅನ್ವಯಿಕ ಭೌತಶಾಸ್ತ್ರದಾಗ ಪಿಎಚ್‌ಡಿ ಮಾಡ್ಯಾರ, ಈ ಶೋಕ್ಕಿಂತ ಮೊದ್ಲ ಸ್ಟಾರ್ ಟ್ರೆಕ್‌ಗೆ ವಿಜ್ಞಾನ ಸಲಹೆಗಾರರಾಗಿದ್ರು. ಅವರ ಶೋದಾಗ ಹಡಗು ಅರ್ಧ ದಾರಿ ಹೋದ ಮ್ಯಾಲ ಹಿಂದ-ಮುಂದ ತಿರುಗಿ ಎಂಜಿನ್ ಉರಿ ಮುಂದಕ್ಕ ಬಿಡ್ತೈತಿ. ಯಾಕಂದ್ರ ಅಲ್ಲಿ ಗಾಳಿ ಇಲ್ಲ, ನೆಲ ಇಲ್ಲ, ಬ್ರೇಕ್ ಹಾಕಾಕ ತಿಕ್ಕಾಟಾನೇ ಇಲ್ಲ, ಎಷ್ಟು ಹೊತ್ತು ವೇಗ ಹೆಚ್ಚಿಸೀರೋ ಅಷ್ಟೇ ಹೊತ್ತು ಎದುರು ತಳ್ಳಿ ಕಡಿಮಿ ಮಾಡಬೇಕು. ಇಂಥಾ ಶೋದ ಪ್ಯಾನೆಲ್‌ನ್ಯಾಗ ವಿಜ್ಞಾನದ ಪ್ರಶ್ನೆ ಕೇಳಿದ್ರ ಲೆಕ್ಕಾನೇ ಸಿಗ್ತೈತಿ. ಬ್ಯಾಬಿಲಾನ್ 5ರ ಹಡಗು ಎಷ್ಟು ವೇಗ ಅಂತ ಕೇಳಿದವರಿಗೆ ಸ್ಟ್ರಾಜಿನ್ಸ್ಕಿ ಮಾತ್ರ ಕಥಿಗೆ ಬೇಕಾದಷ್ಟು ವೇಗ ಅಂತಿದ್ರು. ಎರಡೂ ಸರಿಯಾದ ಉತ್ತರಾನ, ಶೋ ಯಾವ ನಮೂನಿದು ಅನ್ನೋದರ ಮ್ಯಾಲ.

19 ವರ್ಷ ತಡದ ಉತ್ತರ

ಬ್ಯಾಬಿಲಾನ್ 5ರ ಮೊದಲ ಸೀಸನ್‌ನ ನಾಯಕ ಪಾತ್ರ ಮಾಡಿದ್ದು ಮೈಕೆಲ್ ಓ'ಹೇರ್. 1994ರಾಗ, ಎರಡನೇ ಸೀಸನ್ ಶುರುವಾಗೋಕಿಂತ ಮೊದ್ಲ, ಅವರು ಶೋ ಬಿಟ್ರು ಅಂತ ಸುದ್ದಿ ಬಂತು, ಅವರ ಜಾಗಕ್ಕ ಬ್ರೂಸ್ ಬಾಕ್ಸ್‌ಲೈಟ್ನರ್ ಬಂದ್ರು. ಐದು ವರ್ಷದ ಕಥಿ ಮೊದ್ಲೇ ಹಾಕ್ಕೊಂಡಾವ್ರು ನಾಯಕನ್ನೇ ಬದಲಿ ಮಾಡೋದಂದ್ರ ಏನು? ಜಗಳ ಆತೇನು, ಚಾನೆಲ್ ತಗದು ಹಾಕ್ತೇನು? ಸ್ಟ್ರಾಜಿನ್ಸ್ಕಿಗೆ ವರ್ಷಾನುಗಟ್ಟಲೆ ಈ ಪ್ರಶ್ನೆ ಬಿತ್ತು, ಅವರು ಕಥಿಗೆ ಬೇಕಾಗಿತ್ತು, ಇಬ್ಬರೂ ಒಪ್ಪಿ ಮಾಡಿದ್ದು ಅನ್ನೋ ಅರ್ಥದಾಗ ಹೇಳಿ ಸುಮ್ನಾಗ್ತಿದ್ರು. ಮಂದಿಗೆ ಸಮಾಧಾನ ಆಗಲಿಲ್ಲ.

ಓ'ಹೇರ್ 2012ರ ಸೆಪ್ಟೆಂಬರ್‌ದಾಗ ತೀರಿಕೊಂಡ್ರು. ಮರು ವರ್ಷ, 2013ರಾಗ, ಫೀನಿಕ್ಸ್ ಊರಿನ ಕಾನ್‌ನ್ಯಾಗ ಸ್ಟ್ರಾಜಿನ್ಸ್ಕಿ ಮಂದಿ ಮುಂದ ಖರೇ ಸಂಗತಿ ಹೇಳಿದ್ರು. ಮೊದಲ ಸೀಸನ್ ಶೂಟಿಂಗ್ ಹೊತ್ತಿಗೇ ಓ'ಹೇರ್‌ಗೆ ತೀವ್ರ ಮಾನಸಿಕ ಕಾಯಿಲೆ ಶುರುವಾಗಿತ್ತು, ಯಾರೋ ಬೆನ್ನು ಹತ್ತ್ಯಾರ ಅನ್ನೋ ಭ್ರಮೆ. ಚಿಕಿತ್ಸೆ ಆಗೋ ತನಕ ಶೂಟಿಂಗ್ ನಿಲ್ಲಿಸ್ತೀನಿ ಅಂತ ಸ್ಟ್ರಾಜಿನ್ಸ್ಕಿ ಹೇಳಿದ್ರು, ಓ'ಹೇರ್ ಬ್ಯಾಡ ಅಂದ್ರು, ನಿಲ್ಲಿಸಿದ್ರ ಉಳಿದವರ ಕೆಲಸ ಹೋಗ್ತೈತಿ ಅಂತ ಅವರ ಚಿಂತಿ. ಕಷ್ಟಪಟ್ಟು ಸೀಸನ್ ಮುಗಿಸಿ ಹೊರಗ ಹೋದ್ರು. ವಿಷಯ ಗುಟ್ಟಾಗಿ ಇಡ್ತೀನಿ ಅಂತ ಸ್ಟ್ರಾಜಿನ್ಸ್ಕಿ ಮಾತು ಕೊಟ್ಟಿದ್ರು, ಓ'ಹೇರ್ ಇರೋ ತನಕ ಅದನ್ನ ಮುರೀಲಿಲ್ಲ. ತಾ ಹೋದ ಮ್ಯಾಲ ಹೇಳು, ಇದೇ ಕಾಯಿಲೆ ಇರೋರಿಗೆ ಧೈರ್ಯ ಬಂದೀತು ಅನ್ನೋದು ಓ'ಹೇರ್ ಅವರದೇ ಇಚ್ಛೆ ಇತ್ತು. ಚೇತರಿಸಿಕೊಂಡಾಗ ಅವರು 1996ರ ಒಂದು ಎರಡು ಭಾಗದ ಎಪಿಸೋಡಿಗೆ ವಾಪಸ್ ಬಂದು ತಮ್ಮ ಪಾತ್ರದ ಕಥಿ ಪೂರ್ತಿ ಮಾಡಿಕೊಟ್ಟಿದ್ರು. ಅದು ಆಗಿದ್ದು ಹೆಂಗ ಅಂದ್ರ, ಸ್ಟ್ರಾಜಿನ್ಸ್ಕಿ ಪ್ರತಿ ಪಾತ್ರಕ್ಕೂ ಮೊದ್ಲೇ ಒಂದು ಗುಪ್ತ ಬಾಗಿಲು ಇಟ್ಟಿದ್ರು, ನಟ ಯಾವಾಗ ಹೋದ್ರೂ ಕಥಿ ಕುಸೀಬಾರದು ಅಂತ.

ಅಷ್ಟು ವರ್ಷ ಮಂದಿ ಜಾರಿಕೊಳ್ಳೋ ಉತ್ತರ ಅಂದಿದ್ದು ಒಬ್ಬ ಗೆಳೆಯನಿಗೆ ಕೊಟ್ಟ ಮಾತಾಗಿತ್ತು. ಯಾವ ನಟ ಯಾಕ ಬಿಟ್ಟ ಅನ್ನೋ ಪ್ರಶ್ನೆಗೆ ಸಿಗೋ ಸಪ್ಪನ್ನ ಉತ್ತರ ಕೇಳಿದಾಗೆಲ್ಲಾ ನನಗ ಇದೇ ನೆನಪಾಗ್ತೈತಿ.

ಫ್ಯಾನ್ ಮಾತಿಗೆ ಬಲ ಐತೇನು

ಕಥಿ ಹೆಂಗ ಹೋಗಬೇಕು ಅನ್ನೋದರಾಗ ಕಡಿಮಿ, ಶೋ ಉಳೀಬೇಕೋ ಬ್ಯಾಡೋ ಅನ್ನೋದರಾಗ ಒಮ್ಮೊಮ್ಮೆ ಭಾಳ. ಸ್ಟಾರ್ ಟ್ರೆಕ್ ಎರಡನೇ ಸೀಸನ್‌ಗೇ ನಿಲ್ಲೋದಿತ್ತು ಅಂತ ಸುದ್ದಿ ಹಬ್ಬಿದಾಗ ಬೀಜೋ ಟ್ರಿಂಬಲ್, ಜಾನ್ ಟ್ರಿಂಬಲ್ ಅನ್ನೋ ಗಂಡ-ಹೆಂಡ್ತಿ ಫ್ಯಾನ್‌ಗಳನ್ನ ಒಟ್ಟು ಮಾಡಿ ಪತ್ರ ಚಳವಳಿ ನಡೆಸಿದ್ರು, ಚಾನೆಲ್‌ಗೆ ಒಂದು ಲಕ್ಷಕ್ಕಿಂತ ಹೆಚ್ಚು ಪತ್ರ ಬಂದ್ವು, 1968ರ ಮಾರ್ಚ್‌ದಾಗ ಚಾನೆಲ್ ಟಿವಿಯೊಳಗೇ "ಶೋ ಮುಂದುವರೀತೈತಿ" ಅಂತ ಘೋಷಣೆ ಮಾಡ್ತು. ಎಕ್ಸ್‌ಪಾನ್ಸ್‌ದೂ ಹಿಂಗ. 2018ರ ಮೇ ತಿಂಗಳಾಗ ಮೂರನೇ ಸೀಸನ್‌ಗೆ ಚಾನೆಲ್ ಕೈ ಬಿಡ್ತು, ಫ್ಯಾನ್‌ಗಳು ರೊಕ್ಕ ಕೂಡಿಸಿ ಅಮೆಜಾನ್ ಕಚೇರಿ ಮ್ಯಾಲ ಬ್ಯಾನರ್ ಕಟ್ಟಿದ ವಿಮಾನ ಹಾರಿಸಿದ್ರು. ಅದೇ ತಿಂಗಳ 25ಕ್ಕ ಲಾಸ್ ಏಂಜಲಿಸ್‌ನ್ಯಾಗ ಬಾಹ್ಯಾಕಾಶ ಆಸಕ್ತರ ಸಮಾವೇಶ ಇತ್ತು, ಆ ಶೋದ ನಟರೂ ಅಲ್ಲಿದ್ರು, ಅಮೆಜಾನ್‌ನ ಜೆಫ್ ಬೆಜೋಸ್ ಸ್ಟೇಜ್ ಮ್ಯಾಲಿಂದಾನ ಶೋ ಉಳಿಸೀವಿ ಅಂತ ಹೇಳಿದ್ರು. ಮತ್ತ ಮೂರು ಸೀಸನ್ ಬಂದ್ವು.

ಇಲ್ಲೇ ಕುಂತು ನೋಡೋರಿಗೆ

ಸ್ಯಾನ್ ಡಿಯಾಗೋಕ್ಕ ಹೋಗೋದು ದೂರದ ಮಾತು. ಬೆಳಗಾವಿಯಿಂದ ರಾತ್ರಿ ಬಸ್ ಹತ್ತಿದ್ರ ಮುಂಜಾನಿ ಬೆಂಗಳೂರು, ಅಲ್ಲಿ ಕಾಮಿಕ್ ಕಾನ್ ನಡೆಯೋ ದಿನ ನೋಡ್ಕೊಂಡು ಹೋಗಬಹುದು, ಆದ್ರ ಅಲ್ಲಿ ಕಾಮಿಕ್ಸ್, ಅನಿಮೆ, ಗೇಮ್‌ಗಳೇ ಹೆಚ್ಚು. ಮನ್ಯಾಗೇ ಪೂರ್ತಿ ಪ್ಯಾನೆಲ್ ವಿಡಿಯೋ ನೋಡೋದು ಸುಲಭ. ಅಮೆರಿಕನ್ ಉಚ್ಚಾರ ತಿಳಿಯೋದು ತ್ರಾಸ ಆದ್ರ ಕ್ಯಾಪ್ಷನ್ ಹಾಕ್ಕೋರಿ. ಮೂವತ್ತು ಸೆಕೆಂಡಿನ ಕ್ಲಿಪ್‌ನ್ಯಾಗ ಪ್ರಶ್ನೆ ಅರ್ಧ ಕತ್ತರಿಸಿರ್ತಾರ, ನಗುವಷ್ಟ ಉಳಿಸಿರ್ತಾರ, ಅದನ್ನ ನಂಬಿ ತೀರ್ಮಾನ ಮಾಡಬ್ಯಾಡ್ರಿ.

ಸ್ಟಾರ್‌ಗಳ ಪ್ಯಾನೆಲ್‌ಗಿಂತ ಬರಹಗಾರರು, ಮೇಕಪ್‌ನವರು, ಸಂಗೀತದವರು, ಮಾಡೆಲ್ ಕಟ್ಟೋರು ಕುಂತ ಸಣ್ಣ ಪ್ಯಾನೆಲ್‌ಗಳೊಳಗ ತಿರುಳು ಹೆಚ್ಚಿರ್ತೈತಿ, ಅಲ್ಲಿ ಮಂದೀನೂ ಕಡಿಮಿ, ಮುಚ್ಚಿಡೋ ಗುಟ್ಟೂ ಕಡಿಮಿ. ಮುಗದು ಹೋದ ಶೋಗಳ ಪ್ಯಾನೆಲ್ ಇನ್ನೂ ಛಲೋ. ಹತ್ತು-ಇಪ್ಪತ್ತು ವರ್ಷ ಆದ ಮ್ಯಾಲ ಹಳೇ ತಂಡ ಕೂಡಿದಾಗ ಕರಾರಿನ ಭಯ ಅಷ್ಟಿರಂಗಿಲ್ಲ, ಚಾನೆಲ್‌ನವರು ಬಾಜೂಕ ಇರಂಗಿಲ್ಲ. ಪ್ರಶ್ನೆ ಕೇಳೋರನ್ನೂ ಗಮನಿಸ್ರಿ, "ಮುಂದೇನಾಗ್ತೈತಿ" ಅಂತ ಕೇಳಿದವನಿಗೆ ನಗು ಸಿಗ್ತೈತಿ, "ಆ ಸೀನ್ ಮೊದ್ಲ ಹೆಂಗ ಬರದಿದ್ರಿ, ಯಾಕ ಬದಲಿ ಮಾಡಿದ್ರಿ" ಅಂತ ಕೇಳಿದವನಿಗೆ ಹತ್ತು ನಿಮಿಷದ ಉತ್ತರ ಸಿಗ್ತೈತಿ.